ಆಸ್ತಿ ಕೊಳ್ಳುವ ಮುನ್ನ: ಇಸಿಯಲ್ಲಿ ಕಾಣುವ ಋಣ, ಕಾಣದೆ ಉಳಿಯುವ ಋಣ

ಸೈಟು ಮೆಚ್ಚಿ ಬೆಲೆ ಕುದುರಿದ ಮೇಲೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಇಸಿ (ಋಣಭಾರ ಪ್ರಮಾಣ ಪತ್ರ) ಕ್ಲಿಯರ್ ಇದೆಯಾ?" ಮಾರುವವರ ಕಡೆ ಉತ್ತರ ಸಿದ್ಧವಿರುತ್ತದೆ: "ನಿಲ್ ಇಸಿ ಸಾರ್, ಈಗಲೇ ವಾಟ್ಸಾಪ್ ಮಾಡ್ತೀನಿ." ಆ ಹಾಳೆ ನೋಡಿ ಟೋಕನ್ ಅಡ್ವಾನ್ಸ್ ಕೊಟ್ಟುಬಿಡುವವರು ಬಹಳ ಮಂದಿ. ಆ ಹಾಳೆ ನಿಜವಾಗಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದುಕೊಳ್ಳಲು ಒಂದೆರಡು ಗಂಟೆ ಸಾಕು. ಜೀವಮಾನದ ಉಳಿತಾಯ ಹಾಕುವ ಮುಂಚೆ ಅಷ್ಟು ಹೊತ್ತು ಕೊಡಲೇಬೇಕು.

ಋಣಭಾರ ಎಂದರೆ ಆಸ್ತಿಯ ಮೇಲೆ ಮಾಲೀಕರಲ್ಲದೆ ಬೇರೆಯವರಿಗೆ ಇರುವ ಹಕ್ಕು ಅಥವಾ ಬಾಕಿ. ಬ್ಯಾಂಕಿನ ಅಡಮಾನ, ಇನ್ನೊಬ್ಬರಿಗೆ ಬರೆದುಕೊಟ್ಟ ಕ್ರಯದ ಕರಾರು, ಕೋರ್ಟಿನ ಜಪ್ತಿ, ಭೋಗ್ಯ, ಪಕ್ಕದವರ ಓಡಾಟದ ದಾರಿ ಎಲ್ಲವೂ ಇದರೊಳಗೆ ಬರುತ್ತವೆ. ಸಾಲ ಮಾಡಿದ್ದು ಮಾರಿದವರೇ ಆದರೂ ಅಡಮಾನ ಅಂಟಿರುವುದು ಜಮೀನಿಗೆ. ಜಮೀನು ನಿಮ್ಮ ಹೆಸರಿಗೆ ಬಂದರೆ ಅದೂ ಜೊತೆಗೇ ಬರುತ್ತದೆ.

ಋಣಭಾರ ಪ್ರಮಾಣ ಪತ್ರ, ಅಂದರೆ ಇಸಿ, ಉಪನೋಂದಣಾಧಿಕಾರಿ ಕಚೇರಿಯ ಸೂಚಿಯಿಂದ ತೆಗೆದ ಪಟ್ಟಿ. ನೀವು ಅರ್ಜಿಯಲ್ಲಿ ಬರೆದ ಆಸ್ತಿ ವಿವರಕ್ಕೆ, ನೀವು ಕೇಳಿದ ಅವಧಿಯೊಳಗೆ, ನೋಂದಣಿಯಾದ ದಸ್ತಾವೇಜುಗಳು ಯಾವುವು ಎಂದಷ್ಟೇ ಅದು ಹೇಳುತ್ತದೆ. ವಿವರ ತಪ್ಪಿದರೆ, ಅವಧಿ ಚಿಕ್ಕದಾದರೆ, ವ್ಯವಹಾರ ನೋಂದಣಿಯೇ ಆಗಿರದಿದ್ದರೆ ಪಟ್ಟಿ ಖಾಲಿ ಬರುತ್ತದೆ. ಈ ಮೂರು ಕಿಂಡಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋಗುವುದೇ ಮುಂದಿನ ಹಂತಗಳ ಕೆಲಸ. ಇಲ್ಲಿ ಹೇಳಿರುವುದೆಲ್ಲ ಕರ್ನಾಟಕದ ವ್ಯವಸ್ಥೆಗೆ ಸಂಬಂಧಿಸಿದ್ದು.

ಹಂತ 1: ಆಸ್ತಿಯ ಗುರುತು ಪಕ್ಕಾ ಮಾಡಿಕೊಳ್ಳಿ

ಇಸಿಗೆ ಅರ್ಜಿ ಹಾಕುವ ಮೊದಲು ಮಾರಾಟಗಾರರ ಕ್ರಯಪತ್ರದ ಕೊನೆಯಲ್ಲಿರುವ ಷೆಡ್ಯೂಲ್ (ಆಸ್ತಿ ವಿವರದ ಭಾಗ) ತೆಗೆದುಕೊಂಡು ಕೂರಿ. ಗ್ರಾಮ, ಹೋಬಳಿ, ಸರ್ವೆ ನಂಬರ್, ಹಿಸ್ಸಾ, ಸೈಟ್ ನಂಬರ್, ಖಾತೆ ನಂಬರ್, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಬರೆದುಕೊಳ್ಳಿ. ನಂತರ ಅದರ ಹಿಂದಿನ ಕ್ರಯಪತ್ರದ ಷೆಡ್ಯೂಲನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ.

ಒಂದೇ ಜಾಗಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ನಂಬರ್ ಬಂದಿರುತ್ತದೆ. ಸರ್ವೆ ನಂಬರ್ 45/2 ಪೋಡಿಯಾಗಿ, ಅಂದರೆ ಅಳೆದು ಭಾಗವಾಗಿ, 45/5 ಆಗಿರಬಹುದು. ಪಂಚಾಯಿತಿ ಇದ್ದಾಗ ಒಂದು ಖಾತೆ ನಂಬರ್, ಊರು ನಗರಸಭೆಗೆ ಸೇರಿದ ಮೇಲೆ ಇನ್ನೊಂದು, ಇ-ಖಾತಾ ಬಂದ ಮೇಲೆ ಮತ್ತೊಂದು. 1999ರಲ್ಲಿ ಸರ್ವೆ ನಂಬರ್ ಮೇಲೆ ನೋಂದಣಿಯಾದ ಅಡಮಾನ, ಇವತ್ತಿನ ಖಾತೆ ನಂಬರ್ ಹಾಕಿ ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಗುರುತು ಎಷ್ಟು ಬಗೆಯಲ್ಲಿದೆಯೋ ಅಷ್ಟೂ ಬಗೆಯಲ್ಲಿ ಇಸಿ ತೆಗೆಸಿ: ಸೈಟ್ ನಂಬರಿಗೊಂದು, ಬಡಾವಣೆ ಎದ್ದ ಮೂಲ ಸರ್ವೆ ನಂಬರಿಗೊಂದು, ಹಳೇ ಖಾತೆ ನಂಬರಿಗೊಂದು. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ. ಇಲ್ಲಿ ಉಳಿಸಬೇಡಿ.

ಫ್ಲ್ಯಾಟ್ ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಫ್ಲ್ಯಾಟ್ ನಂಬರಿನ ಇಸಿ ಖಾಲಿ ಇರಬಹುದು, ಆದರೆ ಬಿಲ್ಡರ್ ಪಡೆದ ಪ್ರಾಜೆಕ್ಟ್ ಸಾಲದ ಅಡಮಾನ ಇಡೀ ಜಮೀನಿನ ಇಸಿಯಲ್ಲಿ ಕೂತಿರುತ್ತದೆ. ನಿಮ್ಮ ಫ್ಲ್ಯಾಟಿಗೆ ಸಂಬಂಧಿಸಿ ಸಾಲ ಕೊಟ್ಟ ಸಂಸ್ಥೆಯ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಬೇಕು. ನಿಮ್ಮ ಜೊತೆ ಮಾರಾಟ ಕರಾರು ಆದ ಮೇಲೆ ಬಿಲ್ಡರ್ ಅದೇ ಫ್ಲ್ಯಾಟನ್ನು ಅಡಮಾನ ಇಡುವಂತಿಲ್ಲ, ಇಟ್ಟರೂ ನಿಮ್ಮ ಹಕ್ಕಿಗೆ ಧಕ್ಕೆಯಿಲ್ಲ ಎಂದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 11ನೇ ಕಲಂ ಹೇಳುತ್ತದೆ. ಕರಾರಿಗೆ ಮೊದಲೇ ಇಟ್ಟ ಅಡಮಾನಕ್ಕೆ ಈ ರಕ್ಷಣೆ ಸಿಗುವುದಿಲ್ಲ.

ಹಂತ 2: ಇಸಿ ನೀವೇ ತೆಗೆಸಿ

ಮಾರುವವರು ಕೊಟ್ಟ ಇಸಿಯನ್ನು ಮಾಹಿತಿಗೆ ಇಟ್ಟುಕೊಳ್ಳಿ, ನಂಬಿಕೆಗೆ ನಿಮ್ಮದೇ ಅರ್ಜಿ ಹಾಕಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಮೊಬೈಲ್ ನಂಬರ್ ಕೊಟ್ಟು ಲಾಗಿನ್ ಆಗಿ, ಆಸ್ತಿ ವಿವರ ತುಂಬಿ, ಶುಲ್ಕ ಕಟ್ಟಿದರೆ ಡಿಜಿಟಲ್ ಸಹಿಯ ಇಸಿ ಸಿಗುತ್ತದೆ. ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೈಬರಹದ ಸೂಚಿ ಹುಡುಕಿಸಬೇಕು. ಹೊರರಾಜ್ಯ, ಹೊರದೇಶದಲ್ಲಿದ್ದು ಊರಿನಲ್ಲಿ ಸೈಟು ಕೊಳ್ಳುವ ಕನ್ನಡಿಗರು ಈ ಅರ್ಧವನ್ನೇ ಬಿಟ್ಟುಬಿಡುತ್ತಾರೆ. ಕಚೇರಿಗೆ ಹೋಗಿ ಬರುವ ನಂಬಿಗಸ್ತರೊಬ್ಬರು ಊರಲ್ಲಿ ಇರಲೇಬೇಕು.

ಕಚೇರಿಗಳ ಸರಹದ್ದು ಬದಲಾಗಿರುತ್ತದೆ ಎಂಬುದೂ ನೆನಪಿರಲಿ. ಇವತ್ತು ನಿಮ್ಮ ಹಳ್ಳಿ ಒಂದು ಉಪನೋಂದಣಿ ಕಚೇರಿಗೆ ಸೇರಿದ್ದರೂ 1990ರ ದಶಕದ ಪುಸ್ತಕಗಳು ಬೇರೆ ಕಚೇರಿಯಲ್ಲಿರಬಹುದು. ಹಳೇ ಕ್ರಯಪತ್ರದ ಹಿಂಬದಿಯ ಮೊಹರು ನೋಡಿದರೆ ಅದು ಯಾವ ಕಚೇರಿಯಲ್ಲಿ ನೋಂದಣಿಯಾಗಿತ್ತು ಎಂದು ತಿಳಿಯುತ್ತದೆ.

ಎಷ್ಟು ವರ್ಷದ್ದು ಬೇಕು? 13 ವರ್ಷ ಸಾಕು ಎನ್ನುವವರಿದ್ದಾರೆ. 30 ವರ್ಷದ್ದು ತೆಗೆಸಿ ಎಂದು ನಾನು ಒತ್ತಿ ಹೇಳುತ್ತೇನೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಡಮಾನ ಇಟ್ಟವರು ಆಸ್ತಿ ಬಿಡಿಸಿಕೊಳ್ಳಲು ಅಥವಾ ಸ್ವಾಧೀನ ವಾಪಸ್ ಪಡೆಯಲು ದಾವೆ ಹೂಡುವುದಕ್ಕೆ 30 ವರ್ಷದ ಅವಕಾಶವಿದೆ. 20 ವರ್ಷದ ಹಿಂದಿನ ಭೋಗ್ಯದ ಅಡಮಾನ ಇವತ್ತಿಗೂ ಜೀವಂತವಾಗಿರಬಹುದು. ಎಲ್ಲ ಇಸಿಗಳನ್ನೂ ದಿನಾಂಕಕ್ಕೆ ದಿನಾಂಕ ಕೂಡುವಂತೆ ಜೋಡಿಸಿ. ನಡುವೆ ಒಂದು ತಿಂಗಳು ಬಿಟ್ಟುಹೋದರೂ ಅದನ್ನು ತುಂಬಿಸಿ.

ಹಂತ 3: ಸಾಲು ಸಾಲಾಗಿ ಓದಿ

ವ್ಯವಹಾರಗಳಿದ್ದರೆ ನಮೂನೆ 15 ಬರುತ್ತದೆ, ಏನೂ ಸಿಗದಿದ್ದರೆ ನಮೂನೆ 16. ಈ 16ನ್ನೇ ಜನ ನಿಲ್ ಇಸಿ ಎನ್ನುವುದು.

ನಿಲ್ ಇಸಿ ಕಂಡಾಗ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಮಾರುವವರು ಈ ಸೈಟನ್ನು 2010ರಲ್ಲಿ ಕೊಂಡಿದ್ದು ಎನ್ನುತ್ತಾರೆ, ನೀವು 2004ರಿಂದ ಇವತ್ತಿನವರೆಗಿನ ಇಸಿ ತೆಗೆಸಿದ್ದೀರಿ. ಹಾಗಿದ್ದರೆ ಅವರ ಕ್ರಯಪತ್ರವೇ ಅದರಲ್ಲಿ ಕಾಣಬೇಕಿತ್ತು! ಕಾಣಲಿಲ್ಲ ಎಂದರೆ ಹುಡುಕಿದ ವಿವರ ತಪ್ಪು, ಅಥವಾ ಆ ಕ್ರಯಪತ್ರದಲ್ಲೇ ಏನೋ ಐಬಿದೆ. ಎರಡರಲ್ಲಿ ಯಾವುದೆಂದು ತಿಳಿಯುವವರೆಗೆ ಒಂದು ರೂಪಾಯಿಯೂ ಕೊಡಬೇಡಿ. ಇನ್ನೊಂದು ಬಗೆಯ ನಿಲ್ ಇಸಿ ಇದೆ: ಕ್ರಯಪತ್ರವಾದ ಮಾರನೇ ದಿನದಿಂದ ಅವಧಿ ಶುರು ಮಾಡಿ ತೆಗೆಸಿದ್ದು. ಹಿಂದಿನ ಮಾಲೀಕರ ಸಾಲ ಅದರಲ್ಲಿ ಕಾಣುವ ಮಾತೇ ಇಲ್ಲ.

ನಮೂನೆ 15 ಬಂದರೆ ಅದರ ಪ್ರತಿ ಸಾಲಿನಲ್ಲೂ ಆಸ್ತಿ ವಿವರ, ಬರೆದುಕೊಟ್ಟ ದಿನಾಂಕ, ದಸ್ತಾವೇಜಿನ ಸ್ವರೂಪ ಮತ್ತು ಮೌಲ್ಯ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜಿನ ನಂಬರ್ ಇರುತ್ತವೆ. ಮೈಸೂರಿನ ಅಂಚಿನ 30ಕ್ಕೆ 40ರ ಒಂದು ಸೈಟಿಗೆ ಹೀಗೆ ಬಂದಿದೆ ಎಂದುಕೊಳ್ಳಿ. ಇದು ವಿವರಣೆಗೆ ಹೆಣೆದ ಉದಾಹರಣೆ.

1998: ಕ್ರಯಪತ್ರ, ಬಡಾವಣೆ ಮಾಡಿದವರಿಂದ ತಂದೆಗೆ.
2007: ಅಡಮಾನ ಪತ್ರ, 4 ಲಕ್ಷ ರೂಪಾಯಿ, ತಂದೆಯಿಂದ ಸಹಕಾರಿ ಬ್ಯಾಂಕಿಗೆ.
2012: ಕ್ರಯದ ಕರಾರು, 12 ಲಕ್ಷ ರೂಪಾಯಿ, ತಂದೆಯಿಂದ ಹೊರಗಿನವರೊಬ್ಬರಿಗೆ.
2016: ದಾನಪತ್ರ, ತಂದೆಯಿಂದ ಹಿರಿಯ ಮಗನಿಗೆ.
2021: ಹಕ್ಕುಪತ್ರ ಠೇವಣಿಯ ಅಡಮಾನ, 25 ಲಕ್ಷ ರೂಪಾಯಿ, ಹಿರಿಯ ಮಗನಿಂದ ಬ್ಯಾಂಕಿಗೆ.

ಈಗ ಮಾರುತ್ತಿರುವುದು ಹಿರಿಯ ಮಗ. "2021ರ ಹೋಂ ಲೋನ್ ಒಂದಿದೆ, ಅದನ್ನು ತೀರಿಸಿ ಕೊಡುತ್ತೇನೆ" ಎನ್ನುತ್ತಾನೆ. ಆ ಸಾಲ ಕಣ್ಣೆದುರಿಗಿದೆ, ತೀರಿಸುವ ದಾರಿಯೂ ಇದೆ. ತೊಡಕಿರುವುದು 2007, 2012, 2016ರ ಸಾಲುಗಳಲ್ಲಿ.

2007ರ ಅಡಮಾನಕ್ಕೆ ಖುಲಾಸೆ ಪತ್ರ (ಅಡಮಾನ ಬಿಡುಗಡೆಯಾಯಿತೆಂದು ಬರೆದುಕೊಡುವ ಪತ್ರ) ಎಲ್ಲೂ ಕಾಣುತ್ತಿಲ್ಲ. "ಅದು ಅಪ್ಪ ಯಾವಾಗಲೋ ಕಟ್ಟಿಬಿಟ್ಟರು" ಎಂಬ ಮಾತು ನಿಜವೇ ಇರಬಹುದು. ಆದರೂ ಆ ಸಹಕಾರಿ ಬ್ಯಾಂಕಿನಿಂದ ಖುಲಾಸೆ ಬರೆಸಿ ನೋಂದಣಿ ಮಾಡಿಸಿ ಎನ್ನಿ. ಅಡಮಾನದ ಹಣ ವಸೂಲಿಗೆ 12 ವರ್ಷದ ಮಿತಿ ಇದ್ದರೂ ನಡುವೆ ಒಂದು ಕಂತು ಕಟ್ಟಿದ್ದರೆ, ಬಾಕಿ ಒಪ್ಪಿ ಸಹಿ ಹಾಕಿದ್ದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಹೊರಗಿನಿಂದ ಅದು ನಿಮಗೆ ಗೊತ್ತಾಗುವುದಿಲ್ಲ. ನಾಳೆ ನೀವು ಬ್ಯಾಂಕ್ ಸಾಲಕ್ಕೆ ಹೋದಾಗ ಪ್ಯಾನೆಲ್ ವಕೀಲರು ಮೊದಲು ಬೆರಳಿಡುವುದೂ ಇದೇ ಸಾಲಿನ ಮೇಲೆ.

2012ರ ಕರಾರಿಗೆ ರದ್ದತಿ ಪತ್ರ ಇಲ್ಲ. ಕ್ರಯದ ಕರಾರಿನಿಂದ ಒಡೆತನ ಹುಟ್ಟುವುದಿಲ್ಲ, ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳಿದೆ. ಕರಾರು ಜಾರಿಗೆ ದಾವೆ ಹೂಡಲು ಮೂರು ವರ್ಷದ ಮಿತಿಯೂ ಇದೆ. ಆದರೆ ಮೂರು ವರ್ಷ ಯಾವಾಗಿನಿಂದ? ಕರಾರಿನಲ್ಲಿ ಗಡುವು ಬರೆದಿದ್ದರೆ ಆ ದಿನದಿಂದ. ಬರೆದಿರದಿದ್ದರೆ, ಮಾರಲು ನಿರಾಕರಿಸಿದ್ದು ಕರಾರುದಾರರಿಗೆ ಗೊತ್ತಾದ ದಿನದಿಂದ, ಅದು ನೀವು ಕೊಂಡ ಮೇಲೂ ಆಗಬಹುದು. ಕರಾರಿನ ಜೊತೆ ಸ್ವಾಧೀನವನ್ನೂ ಕೊಟ್ಟಿದ್ದರೆ ವಿಷಯ ಇನ್ನೂ ಗಂಭೀರ. ಆ ದಸ್ತಾವೇಜಿನ ನಂಬರ್ ಕೊಟ್ಟು ದೃಢೀಕೃತ ನಕಲು ತೆಗೆಸಿ ಪೂರ್ತಿ ಓದಿ. ಕರಾರುದಾರರನ್ನು ಕರೆಸಿ ರದ್ದತಿ ಪತ್ರ ನೋಂದಣಿ ಮಾಡಿಸುವುದೇ ಗಟ್ಟಿ ಪರಿಹಾರ.

2016ರ ದಾನಪತ್ರದಲ್ಲಿ ನೋಡಬೇಕಾದ್ದು ತಂದೆಗೆ ದಾನ ಕೊಡುವ ಅಧಿಕಾರ ಇತ್ತೇ ಎಂಬುದು. 1998ರ ಸೈಟು ಸ್ವಂತ ದುಡಿಮೆಯದಾದರೆ ಇತ್ತು. ಪಿತ್ರಾರ್ಜಿತ ಜಮೀನು ಮಾರಿ ಬಂದ ಹಣದಲ್ಲಿ ಕೊಂಡಿದ್ದಾದರೆ ಉಳಿದ ಮಕ್ಕಳು ಪಾಲು ಕೇಳಿಕೊಂಡು ಬರಬಹುದು. ಹೆಣ್ಣುಮಕ್ಕಳೂ ಸೇರಿ.

ಕೊನೆಯದಾಗಿ ಕೊಂಡಿ ನೋಡಿ. ಕ್ರಯ, ದಾನದಂತೆ ಒಡೆತನ ಕೈಬದಲಾದ ಸಾಲಿನಲ್ಲಿ ಬರೆಸಿಕೊಂಡವರೇ ಅದರ ಮುಂದಿನ ಸಾಲುಗಳಲ್ಲಿ, ಒಡೆತನ ಮತ್ತೆ ಕೈಬದಲಾಗುವವರೆಗೆ, ಬರೆದುಕೊಟ್ಟವರಾಗಿರಬೇಕು. ಎಲ್ಲಾದರೂ ಹೊಸ ಹೆಸರು ದಿಢೀರನೆ ಬರೆದುಕೊಡುತ್ತಿದ್ದರೆ ನಡುವೆ ಪೌತಿ (ಮಾಲೀಕರ ಮರಣದಿಂದ ವಾರಸುದಾರರಿಗೆ ಬಂದದ್ದು), ಉಯಿಲು ಅಥವಾ ಕೋರ್ಟಿನ ಡಿಕ್ರಿ ಇರಬೇಕು. ಆ ಕಾಗದ ಕೇಳಿ. ಇಲ್ಲ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ.

ಹಂತ 4: ಇಸಿಯಲ್ಲಿ ಕಾಣದ್ದನ್ನು ಹುಡುಕಿ

ನನ್ನ ಅಭಿಪ್ರಾಯದಲ್ಲಿ ಕೊಳ್ಳುವವರು ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ.

*ಮೂಲ ಪತ್ರ ಇಟ್ಟು ಮಾಡಿದ ಸಾಲ.* ಹಕ್ಕುಪತ್ರಗಳನ್ನು ಸಾಲ ಕೊಡುವವರ ಕೈಗೆ ಒಪ್ಪಿಸಿದರೆ ಅದೇ ಅಡಮಾನ. ನೋಂದಣಿ ಬೇಕಿಲ್ಲ, ಆದ್ದರಿಂದ ಇಸಿಯಲ್ಲಿ ಬರದೆ ಇರಬಹುದು. ಹಾಗಾಗಿ ಜೆರಾಕ್ಸ್ ನೋಡಿ ತೃಪ್ತರಾಗಬೇಡಿ, ಮೂಲ ಪತ್ರಗಳನ್ನು ಕೈಯಲ್ಲಿ ಹಿಡಿದು ಪುಟ ತಿರುಗಿಸಿ. "ಮನೆ ಬದಲಾಯಿಸುವಾಗ ಕಳೆದುಹೋಯಿತು" ಎಂದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ದೃಢೀಕೃತ ನಕಲು ಮೂರೂ ಕೇಳಿ, ಆಮೇಲೂ ಅನುಮಾನ ಬಿಡಬೇಡಿ. ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಅಡಮಾನ ದಾಖಲಾಗುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ವ್ಯವಸ್ಥೆ 2011ರಿಂದ ನಡೆಯುತ್ತಿದೆ. ಅದರ ಜಾಲತಾಣದಲ್ಲಿ ಶುಲ್ಕ ಕಟ್ಟಿ ಯಾರಾದರೂ ಹುಡುಕಬಹುದು, ಹುಡುಕಿ. ಬಡ್ಡಿಗೆ ಕೊಡುವ ಖಾಸಗಿ ವ್ಯಕ್ತಿಯ ಬೀರುವಿನಲ್ಲಿರುವ ಪತ್ರ ಮಾತ್ರ ಅಲ್ಲೂ ಕಾಣದು.

*ಪಹಣಿಯ 11ನೇ ಕಾಲಂ.* ಕೃಷಿ ಜಮೀನಿಗೆ ಪಹಣಿಯೇ (ಕಂದಾಯ ಇಲಾಖೆಯ ಭೂದಾಖಲೆ) ಎರಡನೇ ಇಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಹೇಗೆ ಬಂತೆಂಬ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್, 11ರಲ್ಲಿ ಇತರರ ಹಕ್ಕು ಮತ್ತು ಋಣ. ಸೊಸೈಟಿಯ ಬೆಳೆ ಸಾಲ, ಕೋರ್ಟಿನ ತಡೆ, ಸರ್ಕಾರದ ಬಾಕಿ ಇಲ್ಲಿ ನಮೂದಾಗುತ್ತವೆ. ಉತ್ತರ ಕರ್ನಾಟಕದಲ್ಲಿ ಇದನ್ನೇ ಬೋಜಾ ಎನ್ನುವುದು. ಸಾಲ ತೀರಿದ್ದರೂ ಬೋಜಾ ಇಳಿಸದೆ ಬಿಟ್ಟಿರುವುದು ಬಹಳ. ಇಳಿಸಿದ ಮೇಲೆಯೇ ಮುಂದುವರಿಯಿರಿ. ಇವತ್ತಿನ ಪಹಣಿಯ ಜೊತೆ ಹಳೆಯ ಕೈಬರಹದ ಪಹಣಿಗಳನ್ನೂ ತೆಗೆಸಿ.

*ಮಂಜೂರಾದ ಜಮೀನು.* ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಕೈತಪ್ಪದಿರಲಿ ಎಂದು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಮಂಜೂರಾತಿಯ ಷರತ್ತು ಮೀರಿ ಅಥವಾ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿ ಜಮೀನನ್ನು ವಾಪಸ್ ಪಡೆದು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಕೊಡಬಹುದು. ತಡವಾಗಿ ಬಂದ ಅರ್ಜಿಗಳು ಕೋರ್ಟಿನಲ್ಲಿ ಬಿದ್ದುಹೋಗುತ್ತಿದ್ದವು, ಆ ಕಾರಣಕ್ಕೆ 2023ರ ತಿದ್ದುಪಡಿ ಇಂಥ ಅರ್ಜಿಗಳಿಗೆ ಕಾಲಮಿತಿ ಇಲ್ಲ ಎಂದು ಮಾಡಿತು. ಕಾಯ್ದೆಯ ಉದ್ದೇಶ ನ್ಯಾಯವಾದದ್ದು. ಆ ಭೂಮಿಯನ್ನು ಅಗ್ಗಕ್ಕೆ ಬರೆಸಿಕೊಂಡು ನಾಲ್ಕು ಕೈ ದಾಟಿಸಿದವರು ಪಾರಾಗಿ, ಐದನೆಯವರಾಗಿ ಸೈಟು ಕೊಂಡವರು ಸಿಕ್ಕಿಬೀಳುತ್ತಾರೆ. ಐದೂ ಕ್ರಯಪತ್ರಗಳು ನೋಂದಣಿಯಾಗಿರುತ್ತವೆ, ಇಸಿ ಅಂದವಾಗಿರುತ್ತದೆ. ಹಳೇ ಪಹಣಿ, ಮ್ಯುಟೇಶನ್‌ಗಳಲ್ಲಿ "ಮಂಜೂರಾತಿ", "ದರಖಾಸ್ತು", "ಸಾಗುವಳಿ ಚೀಟಿ" ಎಂಬ ಪದ ಎಲ್ಲೇ ಕಂಡರೂ ನಿಂತು, ಮಂಜೂರಾತಿ ಕಡತದ ನಕಲು ತೆಗೆಸಿ, ತಹಶೀಲ್ದಾರ್ ಕಚೇರಿಯಿಂದ ಲಿಖಿತ ಹಿಂಬರಹ ಪಡೆಯಿರಿ. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಮೀನಿಗೂ 15 ವರ್ಷ ಪರಭಾರೆ ಮಾಡಬಾರದೆಂಬ ಷರತ್ತಿದೆ, ದಿನಾಂಕ ತಾಳೆ ನೋಡಿ.

*ಮನೆಯವರ ಪಾಲು.* ವಂಶವೃಕ್ಷ ತೆಗೆಸಿ. 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕಿದೆ. ಆ ದಿನ ತಂದೆ ಬದುಕಿರಲಿ, ಇಲ್ಲದಿರಲಿ ಹಕ್ಕು ಇದ್ದೇ ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. "ಅಕ್ಕನಿಗೆ ಮದುವೆಯಲ್ಲಿ ಎಲ್ಲ ಕೊಟ್ಟಾಗಿದೆ" ಎಂಬ ಮಾತಿಗೆ ಬೆಲೆಯಿಲ್ಲ. ಅಕ್ಕ ನೋಂದಾಯಿತ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟಿರಬೇಕು, ಇಲ್ಲವೇ ನಿಮ್ಮ ಕ್ರಯಪತ್ರಕ್ಕೆ ಅವರೂ ಸಹಿ ಹಾಕಬೇಕು. ಅಪ್ರಾಪ್ತರ ಪಾಲು ಇದ್ದರೆ ಪೋಷಕರ ಸಹಿ ಸಾಲದು ಎನ್ನುವ ಸಂದರ್ಭಗಳಿವೆ, ಕೋರ್ಟಿನ ಅನುಮತಿ ಬೇಕೇ ಎಂದು ವಕೀಲರನ್ನು ಕೇಳಿ.

*ಒಳಗೆ ಯಾರಿದ್ದಾರೆ?* ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮನೆ ಕೊಳ್ಳುವವರಿಗೆ ಇದು ಮುಖ್ಯ. ಮಾಲೀಕರು 10 ಲಕ್ಷ ಪಡೆದು ಮನೆಯನ್ನು ಭೋಗ್ಯಕ್ಕೆ ಹಾಕಿರುತ್ತಾರೆ. 11 ತಿಂಗಳ ಛಾಪಾ ಕಾಗದ ಮಾತ್ರ, ನೋಂದಣಿ ಇಲ್ಲ, ಇಸಿಯಲ್ಲಿ ಸುಳಿವಿಲ್ಲ. ನೀವು ಕ್ರಯಪತ್ರ ಹಿಡಿದು ಹೋದಾಗ ಒಳಗಿರುವವರು ಹೇಳುವುದು ಇಷ್ಟೇ: "ನಮ್ಮ ದುಡ್ಡು ಕೊಡಿ, ಖಾಲಿ ಮಾಡ್ತೀವಿ." ಅವರ ಕಡೆಯಿಂದ ನೋಡಿದರೆ ಅದು ನ್ಯಾಯವೂ ಹೌದು. ಯಾರು ಸ್ವಾಧೀನದಲ್ಲಿದ್ದಾರೋ ಅವರ ಹಕ್ಕೇನು ಎಂಬುದು ಕೊಳ್ಳುವವರಿಗೆ ತಿಳಿದಿತ್ತು ಎಂದೇ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಂ ಭಾವಿಸುತ್ತದೆ. ಮಾಲೀಕರು ಜೊತೆಯಲ್ಲಿಲ್ಲದಾಗ ಹೋಗಿ ಬಾಗಿಲು ತಟ್ಟಿ, ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆಯೋ ಭೋಗ್ಯವೋ ಎಂದು ಕೇಳಿ. ಖಾಲಿ ಸೈಟಾದರೆ ಅಕ್ಕಪಕ್ಕದವರನ್ನು ಕೇಳಿ. ಹಿಂದಿನ ಮನೆಗೆ ಹೋಗಲು ಇದೇ ಸೈಟಿನ ಮೂಲಕ ದಾರಿ ಇದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. 20 ವರ್ಷ ಬಿಡದೆ, ಅಡ್ಡಿಯಿಲ್ಲದೆ, ಹಕ್ಕಿನಿಂದ ಓಡಾಡಿದ ದಾರಿಯನ್ನು ನೀವು ಮುಚ್ಚಲಾರಿರಿ.

*ಕೋರ್ಟಿನ ದಾವೆ.* ಪಾಲುದಾವೆ ನಡೆಯುತ್ತಿರುವಾಗ ಕೊಂಡರೆ ತೀರ್ಪು ನಿಮ್ಮನ್ನೂ ಕಟ್ಟಿಹಾಕುತ್ತದೆ, ದಾವೆ ಇದ್ದದ್ದು ಗೊತ್ತಿರಲಿಲ್ಲ ಎಂದರೂ ಬಿಡುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಮತ್ತು ಅವರ ತಂದೆಯ ಹೆಸರಿನಲ್ಲಿ, ಆ ತಾಲ್ಲೂಕು ಮತ್ತು ಜಿಲ್ಲೆಯ ಕೋರ್ಟುಗಳಲ್ಲಿ ಹುಡುಕಿ. ಹೆಸರಿನ ಕಾಗುಣಿತ ಬದಲಿಸಿ ಮತ್ತೆ ಹುಡುಕಿ. ತಹಶೀಲ್ದಾರ್, ಉಪವಿಭಾಗಾಧಿಕಾರಿ ಮುಂದಿನ ಕಂದಾಯ ಪ್ರಕರಣಗಳು ಬೇರೆ, ಅವನ್ನೂ ವಿಚಾರಿಸಿ.

ಇನ್ನು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ), ಹೆದ್ದಾರಿ ಭೂಸ್ವಾಧೀನದ ಅಧಿಸೂಚನೆ ಬಿದ್ದಿದೆಯೇ ಎಂದು ಆಯಾ ಕಚೇರಿಯಿಂದ ಹಿಂಬರಹ ಪಡೆಯಿರಿ. ಉಯಿಲು ನೋಂದಣಿಯಾದರೂ ಬೇರೆ ಪುಸ್ತಕಕ್ಕೆ ಹೋಗುತ್ತದೆ, ಆಸ್ತಿಯ ಇಸಿಯಲ್ಲಿ ಅದನ್ನು ಹುಡುಕಬೇಡಿ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರುತ್ತಿದ್ದರೆ ಬರೆದುಕೊಟ್ಟವರು ಬದುಕಿದ್ದಾರೆಯೇ, ಅದನ್ನು ರದ್ದು ಮಾಡಿಲ್ಲವೇ ಎಂದು ಅವರನ್ನೇ ಕಂಡು ತಿಳಿಯಿರಿ. ಆಸ್ತಿ ತೆರಿಗೆ, ನೀರು, ಕರೆಂಟು, ಅಪಾರ್ಟ್‌ಮೆಂಟ್ ನಿರ್ವಹಣೆಯ ಬಾಕಿಗೆ ಕೊನೆಯ ರಸೀದಿ ಕೇಳಿ.

ಹಂತ 5: ಸಾಲವಿರುವ ಆಸ್ತಿಯನ್ನು ಕೊಳ್ಳುವುದಾದರೆ

ಹೋಂ ಲೋನ್ ಇದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಮನೆ ಬಿಡಬೇಕಿಲ್ಲ. ಒಂದು ಬ್ಯಾಂಕು ಆಗಲೇ ಅದರ ಕಾಗದ ಪರಿಶೀಲಿಸಿದೆ ಎಂಬುದು ಸ್ವಲ್ಪ ಸಮಾಧಾನದ ವಿಷಯವೇ. ಮಾರುವವರಿಂದ ಬ್ಯಾಂಕಿನ ಎರಡು ಪತ್ರ ತರಿಸಿ: ಇವತ್ತಿಗೆ ಸಾಲ ಚುಕ್ತಾ ಮಾಡಲು ಎಷ್ಟು ಕಟ್ಟಬೇಕು, ಬ್ಯಾಂಕಿನ ಬಳಿ ಯಾವ ಯಾವ ಮೂಲ ಪತ್ರಗಳಿವೆ. ಬ್ಯಾಂಕಿಗೆ ಸಲ್ಲಬೇಕಾದ ಹಣವನ್ನು ಮಾರುವವರ ಕೈಗೆ ಕೊಡಬೇಡಿ. ಸಾಲದ ಖಾತೆಗೇ ನೇರವಾಗಿ ಕಟ್ಟಿ, ಉಳಿದದ್ದನ್ನು ಅವರಿಗೆ ಕೊಡಿ. ಋಣಮುಕ್ತ ಎಂದು ಒಪ್ಪಿ ಮಾರುತ್ತಿದ್ದರೆ, ಋಣದಷ್ಟು ಹಣವನ್ನು ತಡೆಹಿಡಿದು ಸಲ್ಲಬೇಕಾದವರಿಗೇ ಕಟ್ಟಲು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಕೊಳ್ಳುವವರಿಗೆ ಹಕ್ಕು ಕೊಟ್ಟಿದೆ. ನೀವೂ ಸಾಲ ಪಡೆಯುತ್ತಿದ್ದರೆ ನಿಮ್ಮ ಬ್ಯಾಂಕು ಅವರ ಬ್ಯಾಂಕಿಗೆ ಚೆಕ್ ಕೊಟ್ಟು ಪತ್ರಗಳನ್ನು ಪಡೆಯುವ ಏರ್ಪಾಡು ಮಾಡಿಕೊಳ್ಳಬಹುದು.

ಸಾಲ ತೀರಿದ ಮೇಲೆ ನಾಲ್ಕು ಕಾಗದ ಕೈಗೆ ಬರಬೇಕು: ಸಾಲ ತೀರುವಳಿ ಪತ್ರ, ಮೂಲ ಹಕ್ಕುಪತ್ರಗಳ ಇಡೀ ಕಟ್ಟು, ಅಡಮಾನ ನೋಂದಣಿಯಾಗಿದ್ದರೆ ನೋಂದಾಯಿತ ಖುಲಾಸೆ ಪತ್ರ, ಸೆರ್ಸಾಯ್‌ನಲ್ಲಿ ಅಡಮಾನ ತೆಗೆದುಹಾಕಿದ ದಾಖಲೆ. ಪೂರ್ತಿ ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರ ವಾಪಸ್ ಕೊಟ್ಟು ಋಣಭಾರದ ನಮೂದನ್ನೂ ತೆಗೆಸಬೇಕು, ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನವರು ಸತಾಯಿಸಿದರೆ ಇದನ್ನು ಉಲ್ಲೇಖಿಸಿ ಪತ್ರ ಬರೆಯುವಂತೆ ಮಾರುವವರಿಗೆ ಹೇಳಿ.

ಹಂತ 6: ಕರಾರು, ನೋಂದಣಿ, ಆಮೇಲಿನ ಇಸಿ

ಕರಾರಿನಲ್ಲಿ "ಯಾವುದೇ ಋಣಭಾರ ಇರುವುದಿಲ್ಲ" ಎಂಬ ಒಂದು ಸಾಲಿಗೆ ಬಿಡಬೇಡಿ. ಕಂಡ ಋಣಗಳನ್ನು ಹೆಸರಿಸಿ, ಯಾರು ಯಾವ ದಿನಾಂಕದೊಳಗೆ ತೀರಿಸಬೇಕು, ತೀರಿಸದಿದ್ದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್ ಎಂದು ಬರೆಸಿ. ಮುಂದೆ ಹಕ್ಕಿನಲ್ಲಿ ದೋಷ ಕಂಡುಬಂದರೆ ನಷ್ಟ ತುಂಬಿಕೊಡುವ ಷರತ್ತು ಇರಲಿ. ದೊಡ್ಡ ಮುಂಗಡ ಕೊಡುವುದಾದರೆ ಕರಾರನ್ನೂ ನೋಂದಣಿ ಮಾಡಿಸಿ, ಆಗ ನಿಮ್ಮ ಹಕ್ಕು ಇಸಿಯಲ್ಲಿ ಕೂತು ಮುಂದೆ ಬರುವ ಕೊಳ್ಳುವವರಿಗೆ ಎಚ್ಚರಿಕೆ ಕೊಡುತ್ತದೆ. ನಿಮ್ಮ ವಕೀಲರು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಲಿ. ತಕರಾರು ಬಾರದಿದ್ದರೆ ಎಲ್ಲ ಸರಿ ಎಂದೇನೂ ಆಗುವುದಿಲ್ಲ, ಆದರೆ ನಿಜವಾದ ತಕರಾರುದಾರರು ಬಹಳ ಸಲ ಅದರಿಂದಲೇ ಎದ್ದು ಬರುತ್ತಾರೆ.

ನೋಂದಣಿಯ ದಿನ ಬೆಳಿಗ್ಗೆ ಇನ್ನೊಮ್ಮೆ ಇಸಿ ತೆಗೆಸಿ. ಕರಾರಿಗೂ ಕ್ರಯಕ್ಕೂ ನಡುವಿನ ತಿಂಗಳುಗಳಲ್ಲಿ ಅಡಮಾನ ಬೀಳಬಹುದು. ಕಾಯ್ದೆಯ ಒಂದು ಸೂಕ್ಷ್ಮ ಇಲ್ಲಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಪತ್ರ ಬರೆದುಕೊಟ್ಟ ನಾಲ್ಕು ತಿಂಗಳೊಳಗೆ ನೋಂದಣಿಗೆ ತಂದರೆ ಸಾಕು, ನೋಂದಣಿಯಾದ ಮೇಲೆ ಅದು ಬರೆದುಕೊಟ್ಟ ದಿನದಿಂದಲೇ ಜಾರಿಗೆ ಬರುತ್ತದೆ. ನಿಮ್ಮ ಕ್ರಯಪತ್ರಕ್ಕಿಂತ ಎರಡು ತಿಂಗಳು ಮೊದಲು ಬರೆದುಕೊಟ್ಟ ಇನ್ನೊಂದು ಪತ್ರ ನಿಮ್ಮದಾದ ಮೇಲೆ ನೋಂದಣಿಯಾದರೂ ಅದಕ್ಕೇ ಆದ್ಯತೆ ಸಿಗಬಹುದು. ಅವತ್ತಿನ ಇಸಿ ಇದನ್ನು ತೋರಿಸಲಾರದು. ಆದ್ದರಿಂದ ಕ್ರಯದ ದಿನವೇ ಎಲ್ಲ ಮೂಲ ಪತ್ರಗಳನ್ನೂ ಸ್ವಾಧೀನವನ್ನೂ ತೆಗೆದುಕೊಳ್ಳಿ. ಮನೆಯಾದರೆ ಬೀಗದ ಕೈ, ಸೈಟಾದರೆ ಅವತ್ತೇ ಬೇಲಿ, ಫಲಕ.

ನಾಲ್ಕೈದು ತಿಂಗಳು ಕಳೆದ ಮೇಲೆ ಮತ್ತೆ ಇಸಿ ತೆಗೆಸಿ. ಬರೆಸಿಕೊಂಡವರ ಜಾಗದಲ್ಲಿ ನಿಮ್ಮ ಹೆಸರು, ಷೆಡ್ಯೂಲಿನ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಸರಿಯಾಗಿ ಕೂತಿವೆಯೇ, ಹಳೇ ಅಡಮಾನಕ್ಕೆ ಖುಲಾಸೆ ಬಂದಿದೆಯೇ, ನಿಮ್ಮ ನಂತರ ಇನ್ನಾವ ಸಾಲಾದರೂ ಸೇರಿದೆಯೇ ನೋಡಿ. ತಪ್ಪು ಕಂಡರೆ ಮಾರಿದವರು ಸಹಿಗೆ ಸಿಗುವ ಕಾಲದಲ್ಲೇ ತಿದ್ದುಪಡಿ ಪತ್ರ ಮಾಡಿಸಿ. ಖಾತೆ ಅಥವಾ ಪಹಣಿ ನಿಮ್ಮ ಹೆಸರಿಗೆ ಬಂದ ಪ್ರತಿಯನ್ನೂ ಈ ಕಟ್ಟಿಗೇ ಸೇರಿಸಿ, ಮಾರಿದವರಿಂದ ಬಂದ ಹಳೇ ಇಸಿಗಳನ್ನು ಎಸೆಯದೆ ಜೊತೆಗೇ ಇಟ್ಟುಕೊಳ್ಳಿ.